ಕಾಲ ಇನ್ನೂ ಕೂಡಿ ಬಂದಿಲ್ಲವೇ?

ಉತ್ತರೆ ಮಳೆಯ ದಿನಗಳಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿಗೆ, ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಹಡಗಲಿಗೆ, ಮತ್ತೆ ದಕ್ಷಿಣಕ್ಕೆ ತಿರುಗಿ ಹರಪನಹಳ್ಳಿಗೆ ಪ್ರಯಾಣ ಮಾಡುವವನು ರಸ್ತೆಯ ಇಕ್ಕೆಲದ ಹೊಲಗಳನ್ನು ನೋಡಿಯೇ ಆ ವರ್ಷದ ಭವಿಷ್ಯವನ್ನು ಹೇಳಬಲ್ಲನು. ಮಳೆ ಹಿಡಿದ ವರ್ಷ ಮೆಕ್ಕೆಜೋಳ ಆಳೆತ್ತರ ನಿಂತಿರುತ್ತದೆ. ಶೇಂಗಾ ಬಳ್ಳಿಯ ಬುಡದಲ್ಲಿ ಕಾಯಿ ಕಟ್ಟಿರುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಕೆಂಪು ಮಸಾರಿ ನೆಲದಲ್ಲಿ ಪೈರು ಮೊಣಕಾಲೆತ್ತರಕ್ಕೇ ಒಣಗಿ ನಿಂತಿರುತ್ತದೆ. ದಸರೆ ದೀಪಾವಳಿ ಕಳೆಯುವಷ್ಟರಲ್ಲಿ ಊರ ಮುಂದಿನ ಕಟ್ಟೆಯ ಬಳಿ ಹಾಸಿಗೆ, ಪಾತ್ರೆ, ಕೂಸುಗಳೊಡನೆ ಗುಳೆ ಹೊರಟ ಕುಟುಂಬಗಳು ವಾಹನಕ್ಕಾಗಿ ಕಾದು ಕುಳಿತಿರುತ್ತವೆ. ಕಾಫಿ ತೋಟಗಳಿಗೆ ಕೆಲವರು, ಕಬ್ಬು ಕಡಿಯಲು ಮಂಡ್ಯದ ಕಡೆಗೆ ಕೆಲವರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕೆಲವರು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ನಾಡಿನ ಬಹುಭಾಗಕ್ಕೆ ಅದೊಂದು ಅಪರೂಪದ ಕೆಟ್ಟ ವರ್ಷ. ನಮ್ಮ ಸೀಮೆಗೆ ಅದು ಪರಿಚಿತ ಅತಿಥಿ. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಈ ಭಾಗದ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಆದರೆ ಕಾಲುವೆಯ ನೀರು ಹೆಚ್ಚಾಗಿ ಹರಿದುಹೋದದ್ದು ಬೇರೆಯವರ ಗದ್ದೆಗಳಿಗೆ. ಹರಪನಹಳ್ಳಿಯ ಜನರಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದರು. ಜಿಲ್ಲೆಯ ಹೆಸರು ಬದಲಾಯಿತು, ಕಚೇರಿಯ ದಾರಿ ಬದಲಾಯಿತು. ಗುಳೆ ಹೋಗುವ ದಾರಿ ಮಾತ್ರ ಬದಲಾಗಲಿಲ್ಲ.

ಇಂಥ ನೆಲದಲ್ಲಿ ಬದುಕುವವರ ಬಾಯಲ್ಲಿ ಒಂದು ಮಾತು ನೆಲೆಯೂರಿದ್ದರೆ ಆಶ್ಚರ್ಯವಿಲ್ಲ. "ಈ ವರ್ಷ ಕಾಲ ಸರಿಯಿಲ್ಲ, ಮುಂದೆ ನೋಡೋಣ." ಮಗಳ ಮದುವೆಗೂ ಈ ಮಾತೇ, ಮನೆಯ ದುರಸ್ತಿಗೂ ಈ ಮಾತೇ. ಅದು ತಪ್ಪಲ್ಲ, ಕೈಯಲ್ಲಿ ಇಲ್ಲದವನು ಬೇರೇನು ಹೇಳಿಯಾನು? ಆದರೆ ನಾವು ಈ ವಾರ ಓದುಗರ ಮುಂದಿಡಬಯಸುವ ಪ್ರಶ್ನೆ ಬೇರೆ. ಕಾಲ ಸರಿಯಿಲ್ಲವೆಂದು ನಾವು ಕೈಬಿಡುವ ಕೆಲಸಗಳಲ್ಲಿ ಮೊಟ್ಟಮೊದಲನೆಯದು ದೇವರ ಕೆಲಸವೇ ಏಕೆ ಆಗಿರುತ್ತದೆ?

ಜೆರುಸಲೇಮಿನ ಬರಗಾಲ

ಬೆಸ ಸಂಖ್ಯೆಯ ವರ್ಷಗಳಲ್ಲಿ, ಸಾಧಾರಣ ಕಾಲದ 25ನೆಯ ವಾರದಲ್ಲಿ, ಬಲಿಪೂಜೆಯ ಮೊದಲನೆಯ ವಾಚನವಾಗಿ ಪ್ರವಾದಿ ಹಗ್ಗಾಯನ ಗ್ರಂಥವನ್ನು ಎರಡು ದಿನ ಓದಲಾಗುತ್ತದೆ. ಕೇವಲ ಎರಡು ಅಧ್ಯಾಯಗಳ ಪುಟ್ಟ ಗ್ರಂಥವದು. ವಾರದ ದಿನ ಬರುವ ವಾಚನವಾದುದರಿಂದ ನಮ್ಮಲ್ಲಿ ಬಹುಮಂದಿಯ ಕಿವಿಗೆ ಬಿದ್ದಿರಲಾರದು. ಸೆಪ್ಟೆಂಬರ್ ತಿಂಗಳಲ್ಲಿ, ಹೊಲದ ಹಣೆಬರಹ ನಿರ್ಧಾರವಾಗುವ ಹೊತ್ತಿನಲ್ಲಿ ಓದುವ ಆ ಮಾತುಗಳು ನಮ್ಮ ತಾಲ್ಲೂಕುಗಳಿಗಾಗಿಯೇ ಬರೆದಂತಿವೆ.

ಸಂದರ್ಭವನ್ನು ನೆನಪಿಸಿಕೊಳ್ಳೋಣ. ಬಾಬಿಲೋನಿಯದ ಸೆರೆಯಲ್ಲಿದ್ದ ಯೆಹೂದ್ಯರಿಗೆ ಪರ್ಷಿಯದ ಅರಸ ಸೈರಸನು ಕ್ರಿಸ್ತಪೂರ್ವ 538ರಲ್ಲಿ ಊರಿಗೆ ಮರಳಲು ಅಪ್ಪಣೆ ಕೊಟ್ಟನು. ಮರಳಿದವರು ದೊಡ್ಡ ಉತ್ಸಾಹದಿಂದ ಜೆರುಸಲೇಮಿನ ದೇವಾಲಯಕ್ಕೆ ಅಸ್ತಿಭಾರ ಹಾಕಿದರು. ಅಷ್ಟರಲ್ಲಿ ನೆರೆಯವರ ವಿರೋಧ ಬಂತು, ಆಸ್ಥಾನದಲ್ಲಿ ಚಾಡಿ ಮಾತು ನಡೆಯಿತು, ಕೆಲಸ ನಿಂತಿತು. ನಿಂತದ್ದು ಒಂದೆರಡು ತಿಂಗಳಲ್ಲ. ಸುಮಾರು ಹದಿನಾರು ವರ್ಷ. ಅಸ್ತಿಭಾರದ ಕಲ್ಲುಗಳ ನಡುವೆ ಹುಲ್ಲು ಬೆಳೆಯಿತು. ಈ ಮಧ್ಯೆ ಜನ ತಂತಮ್ಮ ಮನೆಗಳನ್ನು ಕಟ್ಟಿಕೊಂಡರು. ಅನುಕೂಲವುಳ್ಳವರು ಗೋಡೆಗೆ ಮರದ ಹಲಗೆಯ ಹೊದಿಕೆಯನ್ನೂ ಹೊದಿಸಿದರು. ದೇವಾಲಯದ ವಿಷಯ ಎತ್ತಿದರೆ ಕಾಲ ಇನ್ನೂ ಬಂದಿಲ್ಲವೆಂಬ ಉತ್ತರ ಸಿದ್ಧವಾಗಿತ್ತು.

ಕ್ರಿಸ್ತಪೂರ್ವ 520ರಲ್ಲಿ, ದಾರ್ಯಾವೇಷನ ಆಳ್ವಿಕೆಯ ಎರಡನೆಯ ವರ್ಷದ ಆರನೆಯ ತಿಂಗಳಿನ ಮೊದಲ ದಿನ, ಹಗ್ಗಾಯನು ಎದ್ದು ನಿಂತನು. ಆ ವರ್ಷವೂ ಬರಗಾಲವೇ. ಬಿತ್ತಿದ್ದು ಬಹಳ, ಮನೆಗೆ ಬಂದದ್ದು ಸ್ವಲ್ಪ. ಉಂಡರೂ ಹೊಟ್ಟೆ ತುಂಬದು, ಹೊದ್ದರೂ ಚಳಿ ಹೋಗದು. ದುಡಿದು ತಂದ ಕೂಲಿಯೆಲ್ಲ ತೂತಾದ ಚೀಲಕ್ಕೆ ಸುರಿದಂತೆ. ಜನರ ಈ ಅವಸ್ಥೆಯನ್ನು ಪ್ರವಾದಿಯು ಒಂದೊಂದಾಗಿ ಎಣಿಸಿ ಹೇಳಿ, ನಿಮ್ಮ ನಡೆಯನ್ನು ನೀವೇ ಆಲೋಚಿಸಿ ನೋಡಿರೆಂದು ಕರೆಕೊಟ್ಟನು. ಬೆಟ್ಟ ಹತ್ತಿ ಮರ ತಂದು ಸರ್ವೇಶ್ವರನ ಆಲಯವನ್ನು ಕಟ್ಟಿರೆಂದು ಹೇಳಿದನು.

ಗಮನಿಸಬೇಕಾದ ಸಂಗತಿಯೆಂದರೆ ಪ್ರವಾದಿಯು ಮಳೆ ಬಂದ ಮೇಲೆ ಕಟ್ಟಿರೆಂದು ಹೇಳಲಿಲ್ಲ. ಬರದ ನಡುವೆಯೇ ಕಟ್ಟಿರೆಂದನು. ಅಧಿಪತಿ ಜೆರುಬ್ಬಾಬೆಲನು, ಪ್ರಧಾನ ಯಾಜಕ ಯೆಹೋಶುವನು, ಉಳಿದ ಜನರೆಲ್ಲರು ಆ ಮಾತಿಗೆ ಕಿವಿಗೊಟ್ಟರು. ಅದೇ ತಿಂಗಳಿನ ಇಪ್ಪತ್ತನಾಲ್ಕನೆಯ ದಿನ ಕೆಲಸ ಆರಂಭವಾಯಿತು. ಹದಿನಾರು ವರ್ಷ ನಿಂತಿದ್ದ ಕೆಲಸ ಇಪ್ಪತ್ತಮೂರು ದಿನಗಳಲ್ಲಿ ಮತ್ತೆ ಮೊದಲಾಯಿತು. ಕ್ರಿಸ್ತಪೂರ್ವ 515ರಲ್ಲಿ ದೇವಾಲಯ ಪೂರ್ಣಗೊಂಡಿತು.

ಇದು ಬಡವನನ್ನು ಗದರಿಸುವ ಮಾತಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗುವುದು ಸಲ್ಲದು. ಹಗ್ಗಾಯನ ಗ್ರಂಥವನ್ನು ಹಿಡಿದು ಬಡವನ ಜೇಬಿಗೆ ಕೈಹಾಕುವ ಬೋಧಕರು ಇಂದು ಎಲ್ಲೆಡೆ ಇದ್ದಾರೆ. "ದೇವರಿಗೆ ಕೊಡು, ದೇವರು ಹತ್ತರಷ್ಟು ಕೊಡುತ್ತಾನೆ" ಎಂಬುದು ಅವರ ಬೋಧನೆ. ಇದು ವಿಶ್ವಾಸವಲ್ಲ, ವ್ಯಾಪಾರ. ಕಾಣಿಕೆಗೆ ಮಳೆ, ಹರಕೆಗೆ ಬೆಳೆ ಎಂಬ ಲೆಕ್ಕವನ್ನು ದೇವರು ಯಾರೊಂದಿಗೂ ಮಾಡಿಕೊಂಡಿಲ್ಲ. ಮಳೆ ಕೈಕೊಟ್ಟದ್ದು ಇಂಥವನ ಪಾಪದಿಂದಲೇ ಎಂದು ಬೆರಳು ತೋರಿಸುವ ಅಧಿಕಾರವೂ ನಮಗಿಲ್ಲ. ಸಜ್ಜನರ ಮೇಲೂ ದುರ್ಜನರ ಮೇಲೂ ತಂದೆಯು ಮಳೆ ಸುರಿಸುವನೆಂದು ಪ್ರಭು ಯೇಸುವೇ ಕಲಿಸಿದ್ದಾರೆ.

ಗುಳೆ ಹೋಗುವ ತಂದೆತಾಯಿಯರು ಸ್ವಾರ್ಥಿಗಳೆಂದು ನಾವು ಹೇಳುತ್ತಿಲ್ಲ. ಮಕ್ಕಳ ಬಾಯಿಗೆ ಅನ್ನವಿಡುವುದು ದೇವರ ಕೆಲಸವೇ. ಪ್ರವಾದಿ ಎಲೀಯನ ಕಥೆಯನ್ನು ನೆನೆಯಿರಿ. ಬೆನ್ನಟ್ಟಿದವರಿಗೆ ಹೆದರಿ ಅರಣ್ಯಕ್ಕೆ ಓಡಿಹೋಗಿ, ಒಂದು ಪೊದೆಯ ಕೆಳಗೆ ಕುಳಿತು, ಇನ್ನು ಸಾಕು, ಪ್ರಾಣ ಹೋಗಲೆಂದು ಬೇಡಿಕೊಂಡ ಆ ಮಹಾಪ್ರವಾದಿಗೆ ದೇವರು ಉಪದೇಶ ಮಾಡಲಿಲ್ಲ. ಮೊದಲು ನಿದ್ದೆ ಕೊಟ್ಟರು. ದೂತನ ಕೈಯಲ್ಲಿ ಬಿಸಿ ರೊಟ್ಟಿಯನ್ನೂ ನೀರನ್ನೂ ಕಳುಹಿಸಿದರು, ಅದೂ ಎರಡು ಬಾರಿ. ಮುಂದಿನ ಕೆಲಸ ಹೇಳಿದ್ದು ಅವನು ಎದ್ದು ನಡೆಯಲು ಶಕ್ತನಾದ ಮೇಲೆಯೇ. ಹಸಿದವನಿಗೆ, ಸೋತವನಿಗೆ ಧರ್ಮಸಭೆ ನೀಡಬೇಕಾದ ಮೊದಲ ಉತ್ತರ ಇದೇ.

ಹಾಗಾದರೆ ಹಗ್ಗಾಯನ ಮಾತು ಯಾರಿಗೆ? ಹಲಗೆ ಹೊದಿಸಿದ ಮನೆಯವರಿಗೆ. ಎಂದರೆ, ಈ ಅಂಕಣವನ್ನು ಬೆಳಗಿನ ಕಾಫಿಯ ಜೊತೆಗೆ ಓದಬಲ್ಲ ನಿಮಗೆ, ಬರೆಯಬಲ್ಲ ನಮಗೆ.

ತೂತಾದ ಚೀಲ

ನಮ್ಮ ಸಮುದಾಯದಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಒಂದು ಬದಲಾವಣೆ ನಡೆದಿದೆ. ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತವರ ಮಕ್ಕಳು ಶಿಕ್ಷಕರಾದರು, ದಾದಿಯರಾದರು, ಬ್ಯಾಂಕು ಕಚೇರಿಗಳಲ್ಲಿ ಗುಮಾಸ್ತರಾದರು. ಹಳ್ಳಿ ಬಿಟ್ಟು ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿದರು. ಅವರ ಮಕ್ಕಳು ಹೊಸಪೇಟೆ, ದಾವಣಗೆರೆ, ಬೆಂಗಳೂರುಗಳಲ್ಲಿ ನೆಲೆಸಿದರು. ಇದು ಸಂತೋಷಪಡಬೇಕಾದ ವಿಷಯ. ಆದರೆ ಹಳ್ಳಿಯ ಪ್ರಾರ್ಥನಾಲಯದ ಮಾಡು ಸೋರುತ್ತಿದೆಯೆಂದು ಯಾರಾದರೂ ಹೇಳಿದಾಗ, ಭಾನುವಾರದ ಧರ್ಮೋಪದೇಶಕ್ಕೆ ಒಬ್ಬರು ಬೇಕೆಂದು ಗುರುಗಳು ಕೇಳಿದಾಗ, ನಮ್ಮ ಉತ್ತರವೇನು? ಮಗನ ಕಾಲೇಜು ಮುಗಿಯಲಿ. ಮನೆಯ ಸಾಲ ತೀರಲಿ. ನಿವೃತ್ತಿಯಾಗಲಿ. ನಿವೃತ್ತಿಯಾದ ಮೇಲೆ ಮೊಣಕಾಲು ನೋವು ಬಂದಿರುತ್ತದೆ.

ಕಾರಣಗಳು ಸುಳ್ಳಲ್ಲ. ಅವು ಎಂದಿಗೂ ಮುಗಿಯುವುದಿಲ್ಲ ಎಂಬುದಷ್ಟೇ ಕಷ್ಟ. ತೂತಾದ ಚೀಲದ ಹೋಲಿಕೆಯ ಹುರುಳು ಇಲ್ಲಿದೆ. ಗಳಿಕೆ ಕಡಿಮೆಯೆಂದಲ್ಲ, ಅದು ನಿಲ್ಲುವುದಿಲ್ಲವೆಂದು ಪ್ರವಾದಿ ಹೇಳುತ್ತಾನೆ. ನಮ್ಮ ಸೀಮೆಯಲ್ಲಿ ಚೀಲದ ತೂತುಗಳಿಗೆ ಹೆಸರುಗಳೂ ಇವೆ. ಒಂದು ಕೊಳವೆಬಾವಿ ಬತ್ತಿದರೆ ಅದರ ಸಾಲ ತೀರುವ ಮೊದಲೇ ಎರಡನೆಯದು, ಮೂರನೆಯದು. ನೆರೆಯವನಿಗೆ ಸರಿಸಮನಾಗಿ ನಡೆಸಬೇಕೆಂಬ ಹಟದ ಮದುವೆ. ಸಂಜೆಯಾದರೆ ಮದ್ಯದ ಅಂಗಡಿ. ಹೆಂಗಸರ ಹೆಸರಿನಲ್ಲಿ ತೆಗೆದ ಕಿರುಸಾಲದ ವಾರದ ಕಂತು. ಅದರ ವಸೂಲಿಯ ಕಿರುಕುಳ ಎಷ್ಟಾಯಿತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಕಾನೂನನ್ನೇ ತರಬೇಕಾಯಿತು. ಈ ತೂತುಗಳನ್ನು ಒಂಟಿ ಕುಟುಂಬ ಹೊಲಿಯಲಾರದು. ಕೂಡಿ ಪ್ರಾರ್ಥಿಸುವ, ಕೂಡಿ ಲೆಕ್ಕ ನೋಡುವ, ಒಬ್ಬರ ಮನೆಗೆ ಒಬ್ಬರು ಹೋಗಿಬರುವ ಸಮುದಾಯವೊಂದಿದ್ದರೆ ಹೊಲಿಯಬಹುದು. ನಿರಾಶೆಯ ಕಾಲದಲ್ಲಿ ದೇವರ ಕೆಲಸವನ್ನು ಕೈಬಿಟ್ಟಾಗ ನಾವು ಕಳೆದುಕೊಳ್ಳುವುದು ಆ ಸಮುದಾಯವನ್ನೇ. ಹೊರೆಯೆಂದು ಇಳಿಸಿಟ್ಟದ್ದು ನಮ್ಮ ಊರುಗೋಲಾಗಿತ್ತೆಂದು ಆಮೇಲೆ ತಿಳಿಯುತ್ತದೆ.

ಹಿಂದಿನ ವೈಭವದ ಕೊರಗು

ಕೆಲಸ ಮತ್ತೆ ಆರಂಭವಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಜೆರುಸಲೇಮಿನಲ್ಲಿ ಇನ್ನೊಂದು ಬಗೆಯ ನಿರಾಶೆ ತಲೆಯೆತ್ತಿತು. ಸೊಲೊಮೋನನು ಕಟ್ಟಿಸಿದ ಹಳೆಯ ದೇವಾಲಯವನ್ನು ಚಿಕ್ಕಂದಿನಲ್ಲಿ ಕಂಡಿದ್ದ ಮುದುಕರು ಕೆಲವರು ಇನ್ನೂ ಬದುಕಿದ್ದರು. ಆ ಚಿನ್ನದ ಹೊಳಪೆಲ್ಲಿ, ಈ ಮೋಟು ಗೋಡೆಗಳೆಲ್ಲಿ ಎಂದು ಅವರಿಗೆ ದುಃಖ ಉಮ್ಮಳಿಸಿತು. ವಿರೋಧಿಗಳಿಂದ ಬಂದ ನಿರಾಶೆಗಿಂತ ಹಿರಿಯರ ನಿಟ್ಟುಸಿರಿನಿಂದ ಬಂದ ನಿರಾಶೆ ಹೆಚ್ಚು ಅಪಾಯಕಾರಿ. ಹಗ್ಗಾಯನು ಅವರನ್ನು ತಿರಸ್ಕರಿಸಲಿಲ್ಲ. ನಿಮ್ಮಲ್ಲಿ ಹಳೆಯದನ್ನು ಕಂಡವರು ಯಾರಿದ್ದೀರಿ ಎಂದು ತಾನೇ ಕೇಳಿದನು. ಬಳಿಕ ಅಧಿಪತಿಗೆ, ಯಾಜಕನಿಗೆ, ಜನರಿಗೆ ಮೂವರಿಗೂ ಧೈರ್ಯ ತಂದುಕೊಳ್ಳಿ, ಕೆಲಸ ಮಾಡಿ, ದೇವರು ನಿಮ್ಮೊಂದಿಗಿದ್ದಾರೆ ಎಂದು ಸಾರಿದನು.

ಈ ನಿಟ್ಟುಸಿರು ನಮಗೆ ಹೊಸದೇನಲ್ಲ. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾಗಿ, ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಅವರು ಅದರ ಮೊದಲ ಧರ್ಮಾಧ್ಯಕ್ಷರಾದ ಕಾಲದ ನೆನಪುಳ್ಳ ಹಿರಿಯರು ಈಗ ವಿರಳ. ಇರುವವರು ಹೇಳುವುದು ಒಂದೇ ಮಾತು: "ವಿದೇಶಿ ಸ್ವಾಮಿಗಳಿದ್ದ ಕಾಲವೇ ಬೇರೆ. ಬರದಲ್ಲಿ ಗೋಧಿ ಬರುತ್ತಿತ್ತು, ಹಾಲಿನ ಪುಡಿ ಬರುತ್ತಿತ್ತು, ಹಬ್ಬಕ್ಕೆ ಬಟ್ಟೆ ಬರುತ್ತಿತ್ತು. ಈಗ ಏನಿದೆ?" ಆ ಉಪಕಾರವನ್ನು ಮರೆಯಬಾರದು. ಆದರೆ ಬೇರೆ ದೇಶದ ಬಡ ವಿಶ್ವಾಸಿಗಳು ಕೂಡಿಟ್ಟು ಕಳುಹಿಸಿದ ಹಣದಿಂದ ನಡೆದ ಕಾಲವನ್ನು ವೈಭವವೆಂದೂ ನಮ್ಮ ಕೈಯಿಂದ ಏನಾದರೂ ನಡೆಯಬೇಕಾದ ಕಾಲವನ್ನು ಅವನತಿಯೆಂದೂ ಕರೆಯುವುದು ಸರಿಯೇ? ಅಂದು ನಾವು ಪಡೆಯುವವರಾಗಿದ್ದೆವು. ಇಂದು ಕೊಡುವವರಾಗುವ ಸರದಿ. ಗೋಡೆ ಮೋಟಾಗಿರಬಹುದು, ಆದರೆ ನಮ್ಮ ಕೈಯ ಗೋಡೆ. ಶ್ರೀಸಾಮಾನ್ಯ ವಿಶ್ವಾಸಿಗಳ ಕರ್ತವ್ಯದ ಬಗ್ಗೆ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಪ್ರತ್ಯೇಕ ಆಜ್ಞಾಪತ್ರವೊಂದನ್ನು ಹೊರಡಿಸಿತು. ಅರುವತ್ತು ವರ್ಷ ಕಳೆದರೂ "ಅದು ಸ್ವಾಮಿಗಳ ಕೆಲಸ, ಸಿಸ್ಟರುಗಳ ಕೆಲಸ" ಎಂಬ ಮಾತು ನಮ್ಮ ಬಾಯಿಂದ ಹೋಗಿಲ್ಲ.

ನಿರಾಶರಾದ ದೊಡ್ಡಸ್ವಾಮಿಗಳು

ಯೆಹೂದ್ಯರ ಕಥೆ ದೂರದ್ದೆಂದು ತೋರಿದರೆ ನಮ್ಮ ನಾಡಿನ ಚರಿತ್ರೆಯನ್ನೇ ನೋಡೋಣ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಚರ್ಚುಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾಗಿ ಊರಿಗೆ ಮರಳಿದವರಿಗೆ ಮನೆಯಿರಲಿಲ್ಲ, ಹೊಲಗದ್ದೆಗಳು ಪರರ ಪಾಲಾಗಿದ್ದವು. ದೇವಾಲಯ ಕಟ್ಟುವುದನ್ನು ಮುಂದಕ್ಕೆ ಹಾಕಲು ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೂ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಚರ್ಚುಗಳು ಮತ್ತೆ ಎದ್ದವು. ಆ ಕರಾವಳಿಯ ಮನೆಗಳಿಂದಲೇ ಅನಂತರ ಎಷ್ಟೋ ಗುರುಗಳೂ ಧರ್ಮಭಗಿನಿಯರೂ ಘಟ್ಟ ಹತ್ತಿ ನಮ್ಮ ಬಯಲುಸೀಮೆಗೆ ಸೇವೆಗೆ ಬಂದರು.

ಅದೇ 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಮೈಸೂರು ಸೀಮೆಗೆ ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದ್ಯುಬುವಾ. 1792ರಲ್ಲಿ ತಾಯ್ನಾಡು ಬಿಟ್ಟ ಅವರು ಇಲ್ಲಿನ ಉಡುಪು ತೊಟ್ಟು, ಇಲ್ಲಿನ ಊಟ ಉಂಡು, ಹಳ್ಳಿಯಿಂದ ಹಳ್ಳಿಗೆ ಅಲೆದರು. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ದಿಕ್ಕಿಲ್ಲದ ಕ್ರೈಸ್ತ ಕುಟುಂಬಗಳಿಗಾಗಿ ಕೃಷಿಯ ನೆಲೆಯನ್ನು ಏರ್ಪಡಿಸಿದರು. ಸಿಡುಬು ಊರೂರನ್ನು ನುಂಗುತ್ತಿದ್ದ ಕಾಲದಲ್ಲಿ, 1803-04ರ ಸುಮಾರಿಗೆ, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಇಲ್ಲಿನ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯೇ ಕೊಂಡುಕೊಂಡಿತು.

ಇಷ್ಟೆಲ್ಲ ಮಾಡಿದ ದೊಡ್ಡಸ್ವಾಮಿಯವರು 1823ರಲ್ಲಿ ಭಾರತವನ್ನು ಬಿಟ್ಟು ಹೋದದ್ದು ಹೇಗೆ? ಪೂರ್ಣ ನಿರಾಶರಾಗಿ. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳ ಸಂಪುಟದಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರುವ ಭರವಸೆ ತಮಗಿಲ್ಲವೆಂದು, ಮೂವತ್ತು ವರ್ಷಗಳ ತಮ್ಮ ದುಡಿಮೆಗೆ ಫಲ ಕಾಣಲಿಲ್ಲವೆಂದು ಅವರು ಬಹಿರಂಗವಾಗಿಯೇ ಬರೆದರು. ಅವರ ಆ ತೀರ್ಮಾನವನ್ನು ಆಗಲೇ ಹಲವರು ವಿರೋಧಿಸಿದರು. ನಾವು ಅವರನ್ನು ಹಳಿಯುವುದಿಲ್ಲ. ಮೂವತ್ತು ವರ್ಷ ಒಬ್ಬಂಟಿಯಾಗಿ ದುಡಿದವನ ಆಯಾಸವನ್ನು, ಒಂದು ವರ್ಷವೂ ದುಡಿಯದವರು ಅಳೆಯಲಾಗದು. ಪ್ಯಾರಿಸ್ಸಿಗೆ ಮರಳಿದ ಅವರು ಸುಮ್ಮನೆ ಕೂರಲಿಲ್ಲ ಎಂಬುದೂ ಗಮನಾರ್ಹ. ಪರದೇಶಗಳಿಗೆ ಗುರುಗಳನ್ನು ಕಳುಹಿಸುವ ಗುರುಮಠದಲ್ಲಿಯೇ ಸೇವೆ ಸಲ್ಲಿಸಿ, ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು. ಮನಸ್ಸಿನಲ್ಲಿ ಭರವಸೆ ಬತ್ತಿದ್ದರೂ ಕೈ ಮಾತ್ರ ಕೆಲಸ ಬಿಡಲಿಲ್ಲ.

ಇನ್ನು ಅವರ ನಿಷ್ಫಲವಾದ ಕೆಲಸದ ಗತಿಯೇನಾಯಿತು? ಅವರು ಸತ್ತ ಎರಡೇ ವರ್ಷಕ್ಕೆ, 1850ರಲ್ಲಿ, ಮೈಸೂರು ತನ್ನದೇ ಆದ ಧರ್ಮಾಧ್ಯಕ್ಷರುಳ್ಳ ಧರ್ಮವಲಯವಾಯಿತು. ಸಾತಹಳ್ಳಿ ಇಂದಿಗೂ ಕಥೋಲಿಕರ ಹಳ್ಳಿ. ಅಲ್ಲಿನ ಒಕ್ಕಲುಗಳು ದೊಡ್ಡಸ್ವಾಮಿಯವರ ಪುಸ್ತಕ ಓದಿ ನಿರಾಶರಾಗಲಿಲ್ಲ. ಹೊಲ ಉತ್ತರು, ಮಕ್ಕಳಿಗೆ ಜಪ ಕಲಿಸಿದರು, ಭಾನುವಾರ ಕೂಡಿ ಬಂದರು. ಬಿತ್ತಿದವನಿಗೆ ಕಾಣದ ಫಲ ಉಳಿದವರ ನಿಷ್ಠೆಯಲ್ಲಿ ಬೆಳೆಯುತ್ತಿತ್ತು.

ನಮ್ಮ ಕಾಲದ ಸಂತ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕವೇ ಬೆರಗಾಯಿತು. ಹಲವು ದಶಕಗಳ ಕಾಲ ಅವರ ಅಂತರಂಗದಲ್ಲಿ ಕತ್ತಲೆ ಕವಿದಿತ್ತು, ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಸವಿ ಸಿಗುತ್ತಿರಲಿಲ್ಲ. ಆದರೂ ಮುಂಜಾನೆ ಎದ್ದು ರೋಗಿಯ ಗಾಯ ತೊಳೆಯುವುದು ಒಂದು ದಿನವೂ ನಿಲ್ಲಲಿಲ್ಲ. ದೇವರ ಕೆಲಸ ನಮ್ಮ ಉತ್ಸಾಹವನ್ನು ಆಧರಿಸಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಉತ್ಸಾಹ ಬಂದ ಮೇಲೆ ಕೆಲಸ ಮಾಡುತ್ತೇನೆನ್ನುವವನು ಮಳೆ ನಿಂತ ಮೇಲೆ ಕೊಡೆ ಬಿಚ್ಚುತ್ತೇನೆನ್ನುವವನಂತೆ.

ಇಂದು ಇಲ್ಲಿ ದೇವರ ಕೆಲಸ ಯಾವುದು?

ದೇವರ ಕೆಲಸವೆಂದರೆ ಕಲ್ಲು ಗಾರೆಯ ಕಟ್ಟಡವೊಂದೇ ಎಂದು ನಾವು ತಿಳಿಯಬಾರದು. ಹೊಸ ಒಡಂಬಡಿಕೆಯ ಬೆಳಕಿನಲ್ಲಿ ವಿಶ್ವಾಸಿಗಳೇ ಜೀವಂತ ಕಲ್ಲುಗಳು. ಈ ಐದು ತಾಲ್ಲೂಕುಗಳಲ್ಲಿ ಚದುರಿರುವ ನಮ್ಮ ಕುಟುಂಬಗಳು ಸಂಖ್ಯೆಯಲ್ಲಿ ಅತ್ಯಲ್ಪ. ಒಂದು ಕುಟುಂಬ ದೂರವಾದರೆ ಒಂದು ಗೋಡೆಯೇ ಕುಸಿದಂತೆ. ಆದುದರಿಂದ ಹಣದ ಮಾತನ್ನು ಬದಿಗಿಟ್ಟು, ಯಾರಿಂದಲೂ ಸಾಧ್ಯವಾಗುವ ಕೆಲವು ಕೆಲಸಗಳನ್ನು ಸೂಚಿಸುತ್ತೇವೆ.

ಮೊದಲನೆಯದು, ಗುಳೆ ಹೋಗುವವರ ಲೆಕ್ಕ. ಯಾವ ಕುಟುಂಬ ಯಾವ ಊರಿಗೆ ಹೋಯಿತು, ಯಾವಾಗ ಬರುತ್ತದೆ ಎಂಬುದನ್ನು ಬರೆದಿಡುವ ಒಂದು ಪುಸ್ತಕ ಪ್ರತಿ ಧರ್ಮಕೇಂದ್ರದಲ್ಲಿ ಇರಬೇಕು. ಅವರು ಹೋಗುವ ಊರಿನ ಗುರುಗಳಿಗೆ ಒಂದು ದೂರವಾಣಿ ಕರೆ ಮಾಡಿದರೆ ಅಲ್ಲಿ ಅವರು ಪರದೇಶಿಗಳಾಗುವುದಿಲ್ಲ. ಎರಡನೆಯದು, ಉಳಿದ ಮುದುಕರು ಮತ್ತು ಮಕ್ಕಳು. ಗುಳೆ ಹೋದವರ ಮನೆಯಲ್ಲಿ ಕಣ್ಣು ಕಾಣದ ಅಜ್ಜಿಯೊಬ್ಬಳು ಮೊಮ್ಮಕ್ಕಳನ್ನು ಕಾಯುತ್ತಿರುತ್ತಾಳೆ. ವಲಸೆ ಹೋದವರ ಮಕ್ಕಳಿಗಾಗಿ ಸರ್ಕಾರ ಋತುಮಾನ ವಸತಿ ಶಾಲೆಗಳನ್ನು ನಡೆಸಿದ್ದುಂಟು. ಅಂಥ ಸೌಲಭ್ಯ ಹತ್ತಿರದಲ್ಲೆಲ್ಲಿದೆ ಎಂದು ವಿಚಾರಿಸಿ, ಮಗುವಿನ ಕೈಹಿಡಿದು ಶಾಲೆಗೆ ಸೇರಿಸಿ ಬರುವುದು ಒಬ್ಬ ಶಿಕ್ಷಕನಿಗೆ ಒಂದು ದಿನದ ಕೆಲಸ. ಆ ಮಗು ಕಥೋಲಿಕರದೇ ಆಗಿರಬೇಕೆಂದಿಲ್ಲ. ಪಕ್ಕದ ತಾಂಡಾದ ಮಗು, ಎದುರು ಮನೆಯ ಲಿಂಗಾಯತರ ಅಥವಾ ಮುಸ್ಲಿಮರ ಮಗುವಾದರೂ ಅದು ದೇವರದೇ ಮಗು.

ಮೂರನೆಯದು, ಧರ್ಮೋಪದೇಶ. ಉಪದೇಶಿಗಳು ಹಳ್ಳಿ ಹಳ್ಳಿ ನಡೆದು ಜಪ ಕಲಿಸುತ್ತಿದ್ದ ಕಾಲ ಹಿಂದೆ ಸರಿದಿದೆ. ಅವರ ಜಾಗದಲ್ಲಿ ಓದು ಬಲ್ಲ ಒಬ್ಬ ತಾಯಿ, ಕಾಲೇಜಿಗೆ ಹೋಗುವ ಒಬ್ಬ ಹುಡುಗ ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು. ನಾಲ್ಕನೆಯದು, ಲೆಕ್ಕಪತ್ರದ ಶುದ್ಧಿ. ಜನ ದೇವರ ಕೆಲಸದಿಂದ ಹಿಂದೆಗೆಯುವುದಕ್ಕೆ ಬರವೊಂದೇ ಕಾರಣವಲ್ಲ. ಕೊಟ್ಟದ್ದು ಎಲ್ಲಿ ಹೋಯಿತೆಂಬ ಅನುಮಾನವೂ ಕಾರಣ, ಪಂಗಡ ಪಂಗಡಗಳ ಜಗಳವೂ ಕಾರಣ, ಜಾತಿಯ ಹೆಸರಿನಲ್ಲಿ ಹಿಂದಿನ ಸಾಲಿಗೆ ತಳ್ಳಿದ ನೋವೂ ಕಾರಣ. ಬಂದ ರೂಪಾಯಿ, ಹೋದ ರೂಪಾಯಿಗಳನ್ನು ಚರ್ಚಿನ ಬಾಗಿಲಿಗೆ ಬರೆದು ಅಂಟಿಸುವ ಧೈರ್ಯವುಳ್ಳ ಧರ್ಮಕೇಂದ್ರದಲ್ಲಿ ನಿರಾಶೆ ಅರ್ಧದಷ್ಟು ತಾನಾಗಿಯೇ ಕಡಿಮೆಯಾಗುತ್ತದೆ.

ಇಪ್ಪತ್ತಮೂರು ದಿನ

ಕೊನೆಯಲ್ಲಿ ನಮ್ಮದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಭಾನುವಾರ, ಈ ಸೀಮ‍ೆಯ ಪುಟ್ಟ ಪ್ರಾರ್ಥನಾಲಯವೊಂದಕ್ಕೆ ಹೋಗಿದ್ದೆವು. ಗುಳೆಯಿಂದ ಊರು ಬರಿದಾಗಿತ್ತು. ಬಲಿಪೂಜೆಗೆ ಒಂಬತ್ತು ಜನ. ಅವರಲ್ಲಿ ನಾಲ್ವರು ಮಕ್ಕಳು. ನೆಲ ಮಾತ್ರ ಸಾರಿಸಿ ಸ್ವಚ್ಛವಾಗಿತ್ತು, ಪೀಠದ ಮೇಲೆ ಹಡಗಲಿ ಮಲ್ಲಿಗೆಯ ಒಂದು ಮೊಳ ಮಾಲೆಯಿತ್ತು. ಗುರುಗಳು ಬರುವುದು ತಿಂಗಳಿಗೆ ಎರಡೇ ಬಾರಿ. ಆದರೆ ಒಬ್ಬ ಮುದುಕಿ ಪ್ರತಿ ಶನಿವಾರ ಸಂಜೆ ಕಸ ಗುಡಿಸಿ ದೀಪ ಹಚ್ಚಿಡುತ್ತಾಳೆಂದು ತಿಳಿಯಿತು. ಯಾರೂ ಬರದ ವಾರವೂ ಏಕೆ ಗುಡಿಸುತ್ತೀಯಮ್ಮ ಎಂದು ಕೇಳಿದೆವು. ಆಕೆ ನಮ್ಮ ಪ್ರಶ್ನೆಯೇ ಅರ್ಥವಾಗದವಳಂತೆ ನೋಡಿದಳು. "ನಾ ಕಸ ಹೊಡೀಲಿಲ್ಲಂದ್ರ ಬಂದೋರು ಎಲ್ಲಿ ಕುಂದ್ರಬೇಕಪ್ಪಾ?"

ಆ ದಿನ ಆ ನಾಲ್ವರು ಮಕ್ಕಳಿಗೆ ರಜೆಯಲ್ಲಿ ಬಂದು ಧರ್ಮೋಪದೇಶ ಮಾಡುತ್ತೇವೆಂದು ಮಾತುಕೊಟ್ಟು ಬಂದೆವು. ಬರಗಾಲದ ಚಿಂತೆ, ಮನೆಯ ಕಾರ್ಯ, ಆರೋಗ್ಯ ಎಂದು ಕಾರಣಗಳು ಸಾಲಾಗಿ ಬಂದವು. ನಾವು ಹೋಗಲಿಲ್ಲ. ಈ ಲೇಖನವನ್ನು ಬರೆಯುವಾಗ ಅನ್ಯರಿಗೆ ಬುದ್ಧಿ ಹೇಳುವ ಮೊದಲು ಆ ಅಜ್ಜಿಯ ಪೊರಕೆಯ ಮುಂದೆ ತಲೆಬಾಗಬೇಕೆನಿಸಿತು. ಅವಳಿಗೂ ಬರವಿತ್ತು, ಅವಳ ಮಕ್ಕಳೂ ಊರಲ್ಲಿರಲಿಲ್ಲ. ಕಾಲ ಕೂಡಿ ಬರಲೆಂದು ಆಕೆ ಕಾಯಲಿಲ್ಲ, ಅಷ್ಟೇ.

ಹಗ್ಗಾಯನು ತನ್ನ ಜನರಿಗೆ ಕೊನೆಗೆ ಹೇಳಿದ ಮಾತು ರೈತರಿಗೆ ಚೆನ್ನಾಗಿ ಅರ್ಥವಾಗುವಂಥದು. ಕಣಜದಲ್ಲಿ ಕಾಳಿಲ್ಲ, ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆಮರ ಯಾವುದೂ ಇನ್ನೂ ಫಲ ಕೊಟ್ಟಿಲ್ಲ. ಆದರೂ ಈ ದಿನದಿಂದಲೇ ದೇವರ ಆಶೀರ್ವಾದ ನಿಮ್ಮ ಮೇಲಿದೆ ಎಂದನು. ಫಲ ಕಂಡ ಮೇಲೆ ಬಂದ ಭರವಸೆಯಲ್ಲ ಅದು. ಬರಿದಾದ ಕಣಜದ ಮುಂದೆ ನಿಂತು ನುಡಿದ ಭರವಸೆ. ದಾಳಿಂಬೆಯ ಗಿಡ ನೆಟ್ಟು ಕಾಯುವ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧರ್ಮಸಭೆ 2025ನೆಯ ವರ್ಷವನ್ನು ನಿರೀಕ್ಷೆಯ ಜ್ಯೂಬಿಲಿಯಾಗಿ ಆಚರಿಸಿತು. ನಿರೀಕ್ಷೆಯ ಗೀತೆಗಳನ್ನು ಹಾಡಿದೆವು, ಯಾತ್ರೆಗಳನ್ನು ಮಾಡಿದೆವು. ಆ ನಿರೀಕ್ಷೆ ಕೂಡ್ಲಿಗಿಯ ಓಣಿಯಲ್ಲಿ, ಕೊಟ್ಟೂರಿನ ಪೇಟೆಯಲ್ಲಿ, ಹಗರಿಬೊಮ್ಮನಹಳ್ಳಿಯ ಒಣಹೊಲದಲ್ಲಿ, ಹಡಗಲಿಯ ಹೂದೋಟದಲ್ಲಿ, ಹರಪನಹಳ್ಳಿಯ ತಾಂಡಾದ ದಾರಿಯಲ್ಲಿ ಕಾಲೂರುವುದು ಯಾವಾಗ? ಜೆರುಸಲೇಮಿನವರಿಗೆ ಬೇಕಾದದ್ದು ಇಪ್ಪತ್ತಮೂರು ದಿನ. ಪ್ರಿಯ ಓದುಗರೇ, ಇಂದಿನಿಂದ ಇಪ್ಪತ್ತಮೂರು ದಿನಗಳನ್ನು ಎಣಿಸೋಣ. ಅಷ್ಟರೊಳಗೆ ಪ್ರತಿಯೊಂದು ಕುಟುಂಬವೂ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಲಿ: ಒಂದು ಮನೆಯ ಭೇಟಿ, ಒಂದು ಮಗುವಿನ ಪಾಠ, ಒಂದು ಸೋರುವ ಹೆಂಚು. ನಾವೂ ಆ ನಾಲ್ವರು ಮಕ್ಕಳನ್ನು ಹುಡುಕಿಕೊಂಡು ಹೋಗುತ್ತೇವೆ. ಅವರೀಗ ದೊಡ್ಡವರಾಗಿರಬಹುದು, ಅವರ ತಮ್ಮ ತಂಗಿಯರಾದರೂ ಸಿಕ್ಕಾರು. ಅಜ್ಜಿ ನೆಲ ಗುಡಿಸಿಟ್ಟಿದ್ದಾಳೆ. ಹೋಗಿ ಕುಳಿತುಕೊಳ್ಳುವವರು ನಾವಾಗೋಣ.